ಅಪ್ಪಾಜಿಯ ಜೇಬಿಗೆ ಹೋದ ಮೌಸಿನ ಗುಂಡು

ಪ್ರತಿ ವರ್ಷ ಆಯುಧಪೂಜೆಗೆ ಶಿವಮೊಗ್ಗದ ನವುಲೆಯ ನಮ್ಮ ಮನೆಯಲ್ಲಿ ದೇವರ ಮುಂದೆ ಒಂದು ಮಣೆ ಹಾಕಿ, ಅದರ ಮೇಲೆ ಮನೆಯ ಆಯುಧಗಳನ್ನೆಲ್ಲ ಸಾಲಾಗಿ ಇಡುತ್ತೇನೆ. ಆಯುಧ ಅಂದರೆ ದೊಡ್ಡದೇನಲ್ಲ. ಈಳಿಗೆಮಣೆ, ಕತ್ತರಿ, ಸ್ಕ್ರೂಡ್ರೈವರ್, ಅಪ್ಪಾಜಿ ಬಿಟ್ಟುಹೋದ ವರ್ನಿಯರ್ ಕ್ಯಾಲಿಪರ್, ನನ್ನ ಲ್ಯಾಪ್‌ಟಾಪು. ಇವೆಲ್ಲದರ ಕೊನೆಗೆ ಒಂದು ವೀಳ್ಯದೆಲೆಯ ಮೇಲೆ ಬೂದು ಬಣ್ಣದ ಗುಂಡು. ಗೋಲಿಗಿಂತ ದೊಡ್ಡದು, ನಿಂಬೆಹಣ್ಣಿಗಿಂತ ಚಿಕ್ಕದು. ಹೋದ ವರ್ಷ ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯ ಪದ್ಮಕ್ಕ ಅದನ್ನು ನೋಡಿದ್ದೇ ಸೆರಗು ಹೊದ್ದು, ಕಣ್ಣು ಮುಚ್ಚಿ, ಕೈ ಮುಗಿದು ನಿಂತುಬಿಟ್ಟರು. ಆಮೇಲೆ ಮೆಲ್ಲಗೆ, ನೀವು ಲಿಂಗ ಕಟ್ಟಿಕೊಳ್ಳೋರಲ್ವಾ, ನಿಮ್ಮಲ್ಲೂ ಸಾಲಿಗ್ರಾಮ ಇಡ್ತಾರಾ ಅಂತ ಕೇಳಿದರು.

ಅದು ಸಾಲಿಗ್ರಾಮವಲ್ಲ, ಹಳೇ ಮೌಸಿನ ಹೊಟ್ಟೆಯೊಳಗಿನ ಗುಂಡು ಅಂತ ಹೇಳಲು ಬಾಯಿ ತೆರೆದೆ. ಆದರೆ ಪದ್ಮಕ್ಕ ಆಗಲೇ ಏನೋ ಬೇಡಿಕೊಂಡಾಗಿತ್ತು. ಬೇಡಿಕೊಂಡ ಮೇಲೆ ಅದು ಮೌಸು ಅಂದರೆ ಆ ಬೇಡಿಕೆಯ ಗತಿ ಏನು? ಸುಮ್ಮನೆ ತಲೆ ಆಡಿಸಿದೆ. ಅದು ಹೌದು ಅಂತಲೋ ಅಲ್ಲ ಅಂತಲೋ ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಿಲ್ಲ. ಆಮೇಲೆ ಒಂದು ವಾರ ಅದೇ ಚಿಂತೆ. ಈ ವರ್ಷ ಅವರು ತಾವಾಗಿಯೇ ಒಂದು ಕುಡಿ ತುಳಸಿ ತಂದು ಗುಂಡಿನ ಮೇಲಿಟ್ಟು ಹೋದರು. ಬೇಡಿಕೊಂಡದ್ದು ಆಗಿರಬೇಕು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಚಿಕ್ಕ ವಯಸ್ಸಿನವರಿದ್ದರೆ ಒಂದು ಮಾತು. ಈಗಿನ ಮೌಸಿನ ಹೊಟ್ಟೆಯಲ್ಲಿ ಕೆಂಪು ದೀಪ ಬಿಟ್ಟರೆ ಏನಿಲ್ಲ. ಆಗಿನದರಲ್ಲಿ ರಬ್ಬರು ಹೊದಿಸಿದ ಕಬ್ಬಿಣದ ಗುಂಡು ಇರುತ್ತಿತ್ತು. ಮೌಸನ್ನು ಮೇಜಿನ ಮೇಲೆ ಎಳೆದಾಡಿದರೆ ಗುಂಡು ಉರುಳುತ್ತಿತ್ತು, ಗುಂಡು ಉರುಳಿದರೆ ಪರದೆಯ ಮೇಲೆ ಬಾಣ ಓಡುತ್ತಿತ್ತು. ಮೇಜಿನ ಧೂಳೆಲ್ಲ ಆ ಗುಂಡಿಗೆ ಅಂಟಿ ಒಳಗೆ ಹೋಗಿ, ಒಂದು ದಿನ ಬಾಣ ಕೆರಳಿದ ಹೋರಿಯ ಹಾಗೆ ಎಲ್ಲೆಲ್ಲೋ ನುಗ್ಗುತ್ತಿತ್ತು. ಆಗ ಮೌಸನ್ನು ಮಗುಚಿ ಗುಂಡು ತೆಗೆದು ಒರೆಸಬೇಕು. ನಾನು ಸವಳಂಗ ರಸ್ತೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಟೀಚರಾಗಿದ್ದಾಗ ದಿನಾ ಬೆಳಗ್ಗೆ ಹನ್ನೆರಡು ಮೌಸಿನ ಗುಂಡು ಒರೆಸುತ್ತಿದ್ದೆ. ಒರೆಸಿದ್ದೀನೋ ಇಲ್ಲವೋ ಅಂತ ಅನುಮಾನ ಬಂದು ಮತ್ತೆ ಒರೆಸುತ್ತಿದ್ದೆ.

ಅನುಮಾನ, ಹೆದರಿಕೆ, ಚಿಂತೆ ಇವು ಮೂರೂ ನನಗೆ ಹುಟ್ಟಿನಿಂದ ಬಂದವು. ಬೀಗ ಹಾಕಿ ಬೀದಿಯ ಕೊನೆಯವರೆಗೆ ಹೋಗಿ ವಾಪಸ್ ಬಂದು ಬೀಗ ಎಳೆದು ನೋಡುವ ಜಾತಿ ನನ್ನದು. ಗ್ಯಾಸ್ ಆಫ್ ಮಾಡಿದ್ದೀನಿ ಅಂತ ಜೋರಾಗಿ ಹೇಳಿಕೊಂಡು ಹೊರಡುತ್ತೇನೆ, ಹೇಳಿಕೊಂಡಿದ್ದು ಇವತ್ತೋ ನಿನ್ನೆಯೋ ಅಂತ ಬಸ್ಸಿನಲ್ಲಿ ಕೂತು ಯೋಚಿಸುತ್ತೇನೆ. ಇಂಥವಳಿಗೆ ದೇವರು ಕೊಟ್ಟ ಕಸುಬು ನೋಡಿ: ಚಿತ್ರಶಾಲೆಗೆ ಬಂದವರು ಆಟ ಆಡುತ್ತ ಚಿತ್ರ ನೋಡುವ ಹಾಗೆ ಕಂಪ್ಯೂಟರಿನಲ್ಲಿ ಏನಾದರೂ ಮಾಡಿಕೊಡುವುದು. ಮದುವೆ ಮನೆಯಲ್ಲಿ ಯಾರಾದರೂ ಏನು ಕೆಲಸ ಅಂತ ಕೇಳಿದರೆ ಇದನ್ನೆಲ್ಲ ಹೇಳುವಷ್ಟರಲ್ಲಿ ಪಾಯಸ ಬಂದಿರುತ್ತದೆ. ಹಾಗಾಗಿ ಕಂಪ್ಯೂಟರು ಅಂತ ಮಾತ್ರ ಹೇಳಿ ಎಲೆ ಕಡೆ ನೋಡುತ್ತೇನೆ.

ನಾನು ನೋಡಿದ ಮೊದಲ ಮ್ಯೂಸಿಯಂ ಯಾವುದು ಗೊತ್ತೇ? ಭದ್ರಾವತಿಯ ಕಾರ್ಖಾನೆ. ಅಪ್ಪಾಜಿ ಅಲ್ಲಿ ಟರ್ನರ್ ಆಗಿದ್ದರು, ಅಂದರೆ ಲೇತ್ ಮಿಷಿನ್ನಿನಲ್ಲಿ ಕಬ್ಬಿಣವನ್ನು ತಿರುಗಿಸಿ ಕೊರೆಯುವ ಕೆಲಸ. ವರ್ಷವಿಡೀ ಗೇಟಿನೊಳಗೆ ಹೋಗಲು ಬಿಡದ ವಾಚ್‌ಮನ್, ಆಯುಧಪೂಜೆಯ ದಿನ ಮಾತ್ರ ಮನೆಯವರನ್ನೆಲ್ಲ ನಗುತ್ತಾ ಒಳಗೆ ಬಿಡುತ್ತಿದ್ದ. ನಾವು ಹೊಸ ಬಟ್ಟೆ ಹಾಕಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಎಣ್ಣೆ ವಾಸನೆಯ ನೆಲದ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದೆವು. ಮಿಷಿನ್ನುಗಳಿಗೆಲ್ಲ ಬಾಳೆಕಂಬ, ಚೆಂಡುಹೂವಿನ ಹಾರ, ವಿಭೂತಿ. ಅಪ್ಪಾಜಿಯ ಪಕ್ಕದ ಮಿಷಿನ್ನಿನ ತಮಿಳು ಮಾಮ ಕಡಲೆಯ ಸುಂಡಲ್ ಹಂಚುತ್ತಿದ್ದರು, ನಮ್ಮದು ಮಂಡಕ್ಕಿ ಬೆಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು: ಮುಟ್ಟಬೇಡ. ಅಪ್ಪಾಜಿ ತಮ್ಮ ಲೇತನ್ನು ತೋರಿಸಿ, ಇದು ಉದ್ದಕ್ಕೆ ಹೋಗುತ್ತೆ, ಇದು ಅಡ್ಡಕ್ಕೆ ಹೋಗುತ್ತೆ, ಇವೆರಡು ಗೊತ್ತಾದರೆ ಲೋಕದಲ್ಲಿ ಯಾವ ಆಕಾರ ಬೇಕಾದರೂ ಕೊರೀಬಹುದು ಅನ್ನುತ್ತಿದ್ದರು. ಹಾಗಾದರೆ ಒಂದು ಸಲ ಓಡಿಸಿ ತೋರಿಸಿ ಅಂದರೆ ಮಾತ್ರ ಆಗುತ್ತಿರಲಿಲ್ಲ. ಪೂಜೆಯಾದ ಮಿಷಿನ್ನು ಆ ದಿನ ಓಡಬಾರದು. ಯಾರಾದರೂ ಮರೆತು ಓಡಿಸಿಬಿಟ್ಟಾರು ಅಂತ ಅವರು ಮಿಷಿನ್ನಿಗೆ ಕಬ್ಬಿಣ ಬಿಗಿಯುವ ಚಕ್ ಕೀಯನ್ನೇ ಜೇಬಿಗೆ ಹಾಕಿಕೊಂಡು ಮನೆಗೆ ತರುತ್ತಿದ್ದರು. ವಿಜಯದಶಮಿಯ ಬೆಳಗ್ಗೆ ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋಗುತ್ತಿದ್ದರು. ಆ ಮಿಷಿನ್ನು ತಿರುಗಿದ್ದನ್ನು ನಾನು ಕೊನೆಗೂ ನೋಡಲೇ ಇಲ್ಲ.

ಇನ್ನೊಬ್ಬರನ್ನು ಪರಿಚಯ ಮಾಡಿಸಬೇಕು. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ರುದ್ರಪ್ಪನವರು. ನಾನು ಬರೆದ ಆನೆಯನ್ನು ನೋಡಿ, ಹಲಸಿನಹಣ್ಣು ಚೆನ್ನಾಗಿ ಬಂದಿದೆ ಅಂದವರು. ಅವರು ರಟ್ಟಿನ ತುಂಡಿನಲ್ಲಿ ಬೆಂಕಿಪೆಟ್ಟಿಗೆಯಷ್ಟು ಚೌಕ ಕತ್ತರಿಸಿ, ಆ ತೂತಿನೊಳಗಿಂದ ಲೋಕ ನೋಡಿ ಅಂತ ನಮ್ಮ ಕೈಗೆ ಕೊಡುತ್ತಿದ್ದರು. ಎಲ್ಲ ಒಟ್ಟಿಗೆ ನೋಡಿದರೆ ಏನೂ ಕಾಣಲ್ಲ, ಸ್ವಲ್ಪ ಸ್ವಲ್ಪ ನೋಡಿ ಅನ್ನುತ್ತಿದ್ದರು. ನಾವು ಆ ತೂತಿನಿಂದ ಹುಡುಗರ ಕಡೆ ನೋಡುತ್ತಿದ್ದೆವು, ಅದು ಬೇರೆ ವಿಷಯ.

ಮೇಷ್ಟ್ರು ರಿಟೈರಾಗಿ ಶಿವಮೊಗ್ಗಕ್ಕೆ ಬಂದ ಮೇಲೆ, ಸವಳಂಗ ರಸ್ತೆಯ ಒಂದು ಟ್ರಸ್ಟಿನ ಕಟ್ಟಡದ ಮಹಡಿಯಲ್ಲಿ ಒಂದು ಹಾಲ್ ಕೇಳಿ ಪಡೆದು, ಜೀವಮಾನವಿಡೀ ಬರೆದ ಚಿತ್ರಗಳಲ್ಲಿ ಹತ್ತನ್ನು ಆರಿಸಿ ನೇತುಹಾಕಿದರು. ಗಾಜನೂರಿನ ಅಣೆಕಟ್ಟು, ಮಂಡಕ್ಕಿ ಭಟ್ಟಿ, ಸಂತೆಯಲ್ಲಿ ವೀಳ್ಯದೆಲೆ ಮಾರುವ ಅಜ್ಜಿ, ಶಿಫ್ಟ್ ಬಿಟ್ಟ ಹೊತ್ತಿನಲ್ಲಿ ಸೈಕಲ್ಲುಗಳು, ಹೀಗೆ. ಜನ ಬರುತ್ತಿದ್ದರು, ಬರುತ್ತಿರಲಿಲ್ಲ ಅಂತಲ್ಲ. ಆದರೆ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗೋಡೆಯನ್ನು ಬಲಕ್ಕೆ ಇಟ್ಟುಕೊಂಡು ಒಂದು ಪ್ರದಕ್ಷಿಣೆ ಹಾಕಿ, ಮೇಷ್ಟ್ರಿಗೆ ಕೈ ಮುಗಿದು ಇಳಿದು ಹೋಗುತ್ತಿದ್ದರು. ಒಬ್ಬ ಅಜ್ಜ ಮೂರು ಸುತ್ತು ಹಾಕಿದಾಗ ಮೇಷ್ಟ್ರಿಗೆ ಖುಷಿಯಾಗಿ ಯಾವುದು ಹಿಡಿಸಿತು ಅಂತ ಕೇಳಿದರಂತೆ. ಏನೂ ಇಲ್ಲ, ಡಾಕ್ಟರು ನಡೀಬೇಕು ಅಂದಿದಾರೆ ಅಂದನಂತೆ ಅಜ್ಜ.

ಟ್ರಸ್ಟಿನ ಅಧ್ಯಕ್ಷರು ಷಡಕ್ಷರಪ್ಪನವರು, ಅಕ್ಕಿ ಗಿರಣಿಯವರು. ಕೆಟ್ಟವರಲ್ಲ. ಆದರೆ ಹಾಲನ್ನು ಟ್ಯೂಷನ್ ಕ್ಲಾಸಿಗೆ ಕೊಡಿ ಅಂತ ಅವರ ಹಿಂದೆ ನಾಲ್ಕು ಜನ ಬಿದ್ದಿದ್ದರು. ಅವರು ಮೇಷ್ಟ್ರನ್ನು ಕರೆದು ನೇರವಾಗಿಯೇ ಹೇಳಿದರು. ಆಯುಧಪೂಜೆ ಒಳ್ಳೆ ದಿನ, ರಜವೂ ಇರುತ್ತೆ, ಬೆಳಗ್ಗೆ ಹನ್ನೊಂದಕ್ಕೆ ಕಮಿಟಿಯವರ ಜೊತೆ ಬರ್ತೀನಿ. ಬಂದ ಜನ ಚಿತ್ರದ ಮುಂದೆ ನಿಂತು ನೋಡಿದರೆ ಹಾಲ್ ನಿಮ್ಮದು, ಬರೀ ಸುತ್ತು ಹಾಕಿ ಹೋದರೆ ದೀಪಾವಳಿಗೆ ಖಾಲಿ ಮಾಡಿಕೊಡಿ.

ಮೇಷ್ಟ್ರು ನಮ್ಮ ತರಬೇತಿ ಕೇಂದ್ರಕ್ಕೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು (ಆಗ ಕಂಪ್ಯೂಟರ್ ಕೋಣೆಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುತ್ತಿರಲಿಲ್ಲ), ನನ್ನ ಮುಂದಿನ ಸ್ಟೂಲಿನ ಮೇಲೆ ಕೂತರು. ಜನ ಈಗ ಟೀವಿ, ಕಂಪ್ಯೂಟರ್ ಇದ್ದ ಕಡೆ ನಿಲ್ತಾರಲ್ಲಮ್ಮ, ಏನಾದ್ರೂ ಮಾಡ್ಕೊಡು ಅಂದರು. ಹಲಸಿನಹಣ್ಣಿನ ವಿಷಯ ಇಬ್ಬರೂ ಎತ್ತಲಿಲ್ಲ. ಆ ಹಾಲ್ ಹೋದರೆ ಹತ್ತು ಚಿತ್ರಗಳು ಅವರ ಮಗಳ ಮನೆಯ ಅಟ್ಟ ಸೇರುತ್ತವೆ, ಅಷ್ಟೇ. ಆಗಲಿ ಸಾರ್ ಅಂದುಬಿಟ್ಟೆ. ಅಂದ ಮರುಕ್ಷಣದಿಂದ ಹೆದರಲು ಶುರುಮಾಡಿದೆ.

ನನ್ನ ಭಯ ಏನಾಗಿತ್ತು ಹೇಳುತ್ತೇನೆ. ಕಂಪ್ಯೂಟರ್ ಕೆಟ್ಟರೆ ಕಷ್ಟ, ಸರಿ. ಆದರೆ ಕೆಡದೆ ಚೆನ್ನಾಗಿ ಓಡಿದರೆ ಇನ್ನೂ ಕಷ್ಟ. ಜನ ಪರದೆಗೆ ಅಂಟಿಕೊಂಡು ಗೋಡೆ ಕಡೆ ತಿರುಗದೇ ಹೋದರೆ? ಮೇಷ್ಟ್ರ ಚಿತ್ರಕ್ಕೆ ನಾನೇ ಬೆನ್ನು ತೋರಿಸಿದ ಹಾಗಾಗುವುದಿಲ್ಲವೇ? ಎಷ್ಟೋ ದಿನ ಇದೇ ಕೊರಗಿನಲ್ಲಿ ಅನ್ನ ಸೇರಲಿಲ್ಲ. ಕೊನೆಗೆ ನೆನಪಾದದ್ದು ಅವರದೇ ರಟ್ಟಿನ ತೂತು. ಹತ್ತೂ ಚಿತ್ರದ ಫೋಟೋ ತೆಗೆಸಿ, ಸ್ಕ್ಯಾನ್ ಮಾಡಿ, ಒಂದೊಂದರಿಂದ ಒಂದು ಸಣ್ಣ ಚೂರು ಕತ್ತರಿಸಿದೆ. ಪರದೆಯ ಮೇಲೆ ಆ ಚೂರು ಮಾತ್ರ ಬರುತ್ತದೆ. ಅಜ್ಜಿಯ ಮೂಗುತಿ, ಭಟ್ಟಿಯ ಬೆಂಕಿಯ ಒಂದು ನಾಲಿಗೆ, ಯಾರದೋ ಸೈಕಲ್ ಹಿಂದಿನ ಊಟದ ಡಬ್ಬಿ. ಇದು ಯಾವ ಚಿತ್ರದಲ್ಲಿದೆ, ಹುಡುಕಿಕೊಂಡು ಬಂದು ಪರದೆಯಲ್ಲಿ ಅದರ ನಂಬರಿನ ಮೇಲೆ ಮೌಸ್ ಒತ್ತಿ ಅನ್ನುತ್ತದೆ ಕಂಪ್ಯೂಟರು. ನಂಬರನ್ನು ಮೇಷ್ಟ್ರು ಪ್ರತಿ ಚಿತ್ರದ ಕೆಳಗೆ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದರು. ಸರಿಯಾದರೆ ಶಹನಾಯಿ, ತಪ್ಪಾದರೆ ಕಪ್ಪೆ ವಟಗುಟ್ಟಿದ ಸದ್ದು. ಗೆಲ್ಲಬೇಕಾದರೆ ಎದ್ದು ಹೋಗಿ ಚಿತ್ರ ನೋಡಲೇಬೇಕು. ಈ ಯೋಚನೆ ಹೊಳೆದ ದಿನ ನಾನು ಒಂದು ಗಂಟೆ ಕಾಲ ಯಾವುದಕ್ಕೂ ಹೆದರಲಿಲ್ಲ. ನನ್ನ ಲೆಕ್ಕಕ್ಕೆ ಅದು ದೊಡ್ಡದು.

ಮೇಜು, ಮಾನಿಟರು, ಯುಪಿಎಸ್ಸು ಎಲ್ಲ ಮಹಡಿ ಹತ್ತಿದವು. ಆಟವನ್ನು ನೂರು ಸಲ ಆಡಿ ನೋಡಿದೆ. ಆಯುಧಪೂಜೆಯ ಹಿಂದಿನ ದಿನ ಸಂಜೆ ಐದಕ್ಕೆ ಕೊನೆಯ ಸಲ ಆಡಿ, ಹತ್ತಕ್ಕೆ ಹತ್ತು ಶಹನಾಯಿ ಕೇಳಿ, ಮನೆಗೆ ಹೋದೆ. ಬೀದಿಯ ಕೊನೆಯಿಂದ ವಾಪಸ್ ಬಂದು ಇನ್ನೊಂದು ಸಲ ಆಡಿದೆ ಅಂತ ಬೇರೆ ಹೇಳಬೇಕಾಗಿಲ್ಲ.

ಅಪ್ಪಾಜಿ ಆಗ ಸ್ವಯಂನಿವೃತ್ತಿ ತೆಗೆದುಕೊಂಡು ಭದ್ರಾವತಿಯ ಬಾಡಿಗೆ ಮನೆಯಲ್ಲಿದ್ದರು. ನಾನು ಕಂಪ್ಯೂಟರಿನಲ್ಲಿ ಏನು ಮಾಡುತ್ತೇನೆ ಅಂತ ಅವರು ಒಂದೇ ಸಲ ಕೇಳಿದ್ದರು: ಸಂಜೆ ಹೊತ್ತಿಗೆ ಕೈಗೆ ಏನು ಸಿಗುತ್ತೆ? ಏನೂ ಸಿಗಲ್ಲ ಅಪ್ಪಾಜಿ, ಎಲ್ಲ ಒಳಗೇ ಇರುತ್ತೆ ಅಂದಿದ್ದೆ. ಆಮೇಲೆ ಅವರು ಕೇಳಲಿಲ್ಲ. ಹಾಲಿಗೆ ಬನ್ನಿ ಅಂತ ಕರೆದಿದ್ದೆ, ಬರ್ತೀನಿ ಅಂದಿದ್ದರು. ಹಿಂದಿನ ವರ್ಷ ಮೊದಲ ಸಲ ಅವರಿಗೆ ಪೂಜೆ ಮಾಡಲು ಮಿಷಿನ್ನು ಇರಲಿಲ್ಲ. ಸೈಕಲ್ಲಿಗೆ ಹೂವಿಟ್ಟು, ಜಗಲಿಯ ಮೇಲೆ ಸುಮ್ಮನೆ ಕೂತಿದ್ದರಂತೆ. ಈ ಮಾತು ನನಗೆ ಅವತ್ತು ನೆನಪಿರಬೇಕಿತ್ತು.

ಆಯುಧಪೂಜೆಯ ಬೆಳಗ್ಗೆ ನಾನು ಶಾಮಿಯಾನದವರಿಂದ ಕುರ್ಚಿ ತರಲು ಹೋಗಿದ್ದೆ. ಒಂಬತ್ತಕ್ಕೆ ಮೆಟ್ಟಿಲು ಹತ್ತುವಾಗಲೇ ಊದುಬತ್ತಿಯ ವಾಸನೆ. ಒಳಗೆ ಹೋದರೆ ಮಾನಿಟರಿನ ಗಾಜಿನ ಮೇಲೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮ. ಸಿಪಿಯುಗೆ ಚೆಂಡುಹೂವಿನ ಹಾರ. ಕೀಬೋರ್ಡಿನ ಮೇಲೆ ಒಂದೊಂದು ಅಕ್ಷರಕ್ಕೂ ಒಂದೊಂದು ಮಂಡಕ್ಕಿ. ಅಪ್ಪಾಜಿ ಮೊದಲ ಬಸ್ಸಿಗೇ ಬಂದು, ಮೇಷ್ಟ್ರಿಂದ ಬಾಗಿಲು ತೆಗೆಸಿ, ಎಲ್ಲ ಮುಗಿಸಿ, ಬಿಳೀ ಶರ್ಟಿನ ತೋಳು ಇಳಿಸಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ತೃಪ್ತಿ.

"ನಾಳೆಯಿಂದ ಚೆನ್ನಾಗಿ ಓಡುತ್ತೆ ನೋಡು," ಅಂದರು.

ನನ್ನ ಕೈಯಲ್ಲಿದ್ದ ಕುರ್ಚಿ ಕೆಳಗೆ ಬಿತ್ತು. ಯಂತ್ರಗಳಿಗೆ ಬಿಡುವು ಕೊಡುವ ದಿನವನ್ನೇ ಹುಡುಕಿ ನಾವು ಯಂತ್ರದ ಉದ್ಘಾಟನೆ ಇಟ್ಟುಕೊಂಡಿದ್ದೆವು! ಗಿರಣಿ ನಡೆಸುವ ಅಧ್ಯಕ್ಷರಿಗೆ ಹೊಳೆಯಲಿಲ್ಲ, ಕಾರ್ಖಾನೆ ಊರಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರಿಗೆ ಹೊಳೆಯಲಿಲ್ಲ, ಚಕ್ ಕೀ ಜೇಬಿಗೆ ಹಾಕಿಕೊಳ್ಳುವವರ ಮಗಳಿಗೂ ಹೊಳೆಯಲಿಲ್ಲ. ಮಳೆ ಬಂದರೆ, ಕರೆಂಟು ಹೋದರೆ, ಇಲಿ ವೈರು ಕಡಿದರೆ ಅಂತ ಇಡೀ ಲೋಕದ ಚಿಂತೆ ಮಾಡಿದವಳು ನಾನು. ಇದೊಂದು ಬಿಟ್ಟುಹೋಗಿತ್ತು.

ಹನ್ನೊಂದಕ್ಕೆ ಅಧ್ಯಕ್ಷರು ಬರ್ತಾರೆ, ಇದು ಓಡಲೇಬೇಕು, ಇಲ್ಲದಿದ್ದರೆ ಮೇಷ್ಟ್ರ ಹಾಲ್ ಹೋಗುತ್ತೆ ಅಂತ ಅಪ್ಪಾಜಿಗೆ ವಿವರಿಸಿದೆ. ಅವರು ಎಲ್ಲ ಕೇಳಿಸಿಕೊಂಡು, ಪೂಜೆ ಆಯ್ತಲ್ಲೇ ಅಂದರು. ಬಸ್ಸು ಲಾರಿಗೆ ಪೂಜೆ ಮಾಡಿ ಅವತ್ತೇ ಓಡಿಸಲ್ವಾ ಅಂದೆ. ಅದು ವಾಹನ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಓಡಿಸ್ತಾರೆ, ಮಿಷಿನ್ ಬೇರೆ ಅಂದರು. ನನಗೆ ಎಲ್ಲಿಂದ ಬುದ್ಧಿ ಬಂತೋ, ಇದೂ ಚಕ್ರ ಇರೋದೇ ಅಂತ ಮೌಸನ್ನು ಮಗುಚಿ ಗುಂಡು ತೋರಿಸಿದೆ. ಮೇಷ್ಟ್ರು ಪೂಜೆಯ ತಟ್ಟೆಯಿಂದ ಒಂದು ನಿಂಬೆಹಣ್ಣು ತಂದು ಮೌಸಿನ ಪಕ್ಕ ಇಟ್ಟೂಬಿಟ್ಟರು. ಪಾಪ, ಅವರ ಕಣ್ಣಿನಲ್ಲಿ ಅಷ್ಟು ಆಸೆ.

ಅಪ್ಪಾಜಿ ಮೌಸನ್ನು ಕೈಗೆ ತೆಗೆದುಕೊಂಡರು. ಕಂಪ್ಯೂಟರಿನ ಯಾವ ಭಾಗವನ್ನೂ ಅವರು ಹಾಗೆ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಕನ್ನಡಕ ಮೇಲೇರಿಸಿ, ಮುಚ್ಚಳ ತಿರುಗಿಸಿ, ಗುಂಡನ್ನು ಅಂಗೈಗೆ ಬೀಳಿಸಿಕೊಂಡು, ಖಾಲಿ ಗೂಡಿನೊಳಗೆ ಬಹಳ ಹೊತ್ತು ನೋಡಿದರು. ಅಲ್ಲಿ ಎರಡು ಸಣ್ಣ ಉರುಳೆಗಳಿರುತ್ತವೆ. ನಾನು ಎಷ್ಟೋ ಸಾವಿರ ಸಲ ಒರೆಸಿದ್ದೆ, ಅವು ಯಾಕೆ ಎರಡು ಅಂತ ಯೋಚಿಸಿರಲಿಲ್ಲ.

"ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ," ಅಂದರು ಅಪ್ಪಾಜಿ. "ಇದು ಲೇತೇ ಕಣೆ ಮಾರಾಯ್ತಿ. ವಾಹನ ಅಲ್ಲ."

ಉರುಳೆಗೆ ಅಂಟಿದ್ದ ಕೊಳೆಯನ್ನು ಉಗುರಿನಿಂದ ಕೆರೆದು ತೆಗೆದರು. ಮೌಸನ್ನು ಜಾಗದಲ್ಲಿಟ್ಟು, ಗುಂಡನ್ನು ಶರ್ಟಿನ ಜೇಬಿಗೆ ಹಾಕಿಕೊಂಡು, ನಾಳೆ ಬೆಳಗ್ಗೆ ನಾನೇ ತಂದು ಹಾಕ್ತೀನಿ ಅಂದರು. ನನಗೆ ಅಳು ಬಂತು, ಸಿಟ್ಟೂ ಬಂತು. ಬೇರೆ ಮೌಸು ತರೋಣವೆಂದರೆ ಶಿವಮೊಗ್ಗದಲ್ಲಿದ್ದ ಮೌಸುಗಳಿಗೆಲ್ಲ ಆ ಹೊತ್ತಿಗೆ ಕುಂಕುಮ ಬಿದ್ದಿತ್ತು. ಅದಕ್ಕಿಂತ ಹೆಚ್ಚಾಗಿ, ಜೇಬಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ ಅಪ್ಪಾಜಿಯ ಹತ್ತಿರ ಅದನ್ನು ಕಿತ್ತುಕೊಳ್ಳುವ ಧೈರ್ಯ ನನಗಿರಲಿಲ್ಲ. ಅವರಿಗೆ ಮತ್ತೆ ಒಂದು ಮಿಷಿನ್ನು ಸಿಕ್ಕಿತ್ತು.

ಹನ್ನೊಂದಕ್ಕೆ ಷಡಕ್ಷರಪ್ಪನವರು ಬಂದರು. ಮಾನಿಟರಿನ ವಿಭೂತಿ ನೋಡಿ, ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ಕೈ ಮುಗಿದರು. ನಾನು ತೊದಲುತ್ತಾ ವಿಷಯ ಹೇಳಿದೆ. ಅವರು, ಇವತ್ತು ನನ್ನ ಗಿರಣೀನೂ ಬಂದ್, ನನಗೇ ಹೊಳೀಲಿಲ್ಲವಲ್ಲ ಅಂತ ನಕ್ಕರು. ನಗು ಮುಗಿಸಿ, ನಾಳೆ ಹನ್ನೊಂದಕ್ಕೆ ಬರ್ತೀನಿ, ಆದರೆ ನಾಳೆಯೇ ಕೊನೆ, ಟ್ಯೂಷನ್ನಿನವರಿಗೆ ಮಾತು ಹೇಳಬೇಕು ಅಂದರು. ಕಮಿಟಿಯವರು ಮಂಡಕ್ಕಿ ತಿಂದು, ಒಂದು ಪ್ರದಕ್ಷಿಣೆ ಹಾಕಿ ಇಳಿದು ಹೋದರು. ನಾನು ಇಡೀ ದಿನ ಬಂದವರಿಗೆ ಮಂಡಕ್ಕಿ ಹಂಚಿದೆ.

ಮಾರನೆಯ ದಿನ ಬೆಳಗ್ಗೆ ಎಂಟಕ್ಕೆ ಅಪ್ಪಾಜಿ ಗುಂಡು ತಂದರು. ಸೀಮೆಎಣ್ಣೆಯಲ್ಲಿ ಒರೆಸಿದ್ದರು ಅಂತ ವಾಸನೆಯೇ ಹೇಳಿತು. ಕಣ್ಣಿಗೊತ್ತಿಕೊಂಡು ಗೂಡಿಗೆ ಹಾಕಿ ಮುಚ್ಚಳ ತಿರುಗಿಸಿದರು. ಕಂಪ್ಯೂಟರ್ ಎದ್ದು ನಿಂತಿತು, ಬಾಣ ಬೆಣ್ಣೆಯ ಹಾಗೆ ಓಡಿತು. ಮೊದಲು ನೀವೇ ಆಡಿ ಅಪ್ಪಾಜಿ ಅಂದೆ.

ಅವರಿಗೆ ಬಂದದ್ದು ಸೈಕಲ್ ಹಿಂದಿನ ಊಟದ ಡಬ್ಬಿ. ನೋಡಿದ್ದೇ ಎದ್ದು ಹೋಗಿ ಶಿಫ್ಟ್ ಬಿಟ್ಟ ಹೊತ್ತಿನ ಚಿತ್ರದ ಮುಂದೆ ನಿಂತರು. ಗೋಡೆಯ ನಂಬರ್ ನೋಡಿಕೊಂಡು ಬಂದು ನಾಲ್ಕು ಒತ್ತಿದರು. ಕಪ್ಪೆ ವಟಗುಟ್ಟಿತು. ತಪ್ಪು, ಇನ್ನೊಮ್ಮೆ ನೋಡಿ ಅಂತ ಪರದೆಯ ಮೇಲೆ ಬಂತು. ಅಪ್ಪಾಜಿ ಮತ್ತೆ ಹೋದರು. ಈ ಸಲ ಚಿತ್ರಕ್ಕೆ ಮುಖ ತಾಗಿಸಿ ನೋಡಿದರು. ವಾಪಸ್ ಬಂದು ಮತ್ತೆ ನಾಲ್ಕು ಒತ್ತಿದರು. ಮತ್ತೆ ಕಪ್ಪೆ. ಇನ್ನೊಂದು ಸಲ ಹೋಗಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಿಂದ ನಿಧಾನವಾಗಿ ಒರೆಸತೊಡಗಿದರು.

"ಕಣ್ಣು ಮಂಜಾಯ್ತು ಅಂತ ಕಾಣುತ್ತೆ ಕಣೆ," ಅಂದರು. "ನನಗೆ ಅದೇ ಡಬ್ಬಿ ಅನ್ನಿಸ್ತು. ಕಂಪ್ಯೂಟರ್ ಸುಳ್ಳು ಹೇಳುತ್ತಾ?"

ಕೂದಲೆಳೆಯಷ್ಟು ವ್ಯತ್ಯಾಸವನ್ನು ಹೆಬ್ಬೆರಳಿನಿಂದ ಸವರಿ ಹೇಳುತ್ತಿದ್ದವರು ಅವರು. ನನ್ನ ಕಂಪ್ಯೂಟರ್ ಡಬ್ಬಾ ಎರಡು ಸಲ ವಟಗುಟ್ಟಿದ್ದಕ್ಕೆ ತಮ್ಮ ಕಣ್ಣನ್ನೇ ಅನುಮಾನಿಸಿಬಿಟ್ಟರು.

ಎದ್ದು ಹೋಗಿ ನೋಡಿದೆ. ಶಿಫ್ಟಿನ ಚಿತ್ರ ಇರಬೇಕಾದದ್ದು ಏಳನೆಯ ಜಾಗದಲ್ಲಿ. ನಾಲ್ಕರಲ್ಲಿತ್ತು. ಅಜ್ಜಿ ಎರಡರಿಂದ ಒಂಬತ್ತಕ್ಕೆ ಹೋಗಿದ್ದಳು. ಭಟ್ಟಿ ಇನ್ನೆಲ್ಲೋ. ಎರಡು ಮೊಳೆ ಬೇಕಾಗುವ ಗಾಜನೂರಿನ ಅಣೆಕಟ್ಟು ಒಂದು ಬಿಟ್ಟರೆ ಯಾವುದೂ ತನ್ನ ಜಾಗದಲ್ಲಿ ಇರಲಿಲ್ಲ. ಮೇಷ್ಟ್ರನ್ನು ಕೇಳಿದರೆ, ಮೊನ್ನೆ ನೀನು ಹೋದ ಮೇಲೆ ಎಲ್ಲ ಇಳಿಸಿ ಒದ್ದೆ ಬಟ್ಟೇಲಿ ಒರೆಸಿದೆನಲ್ಲಮ್ಮ, ಬೆಳಗಾದ್ರೆ ಆಯುಧಪೂಜೆ, ಧೂಳಲ್ಲಿ ಬಿಡೋಕಾಗುತ್ತಾ ಅಂದರು. ಯಾವುದು ಎಲ್ಲಿದ್ದರೇನು, ಎಲ್ಲ ನನ್ನವೇ ಅಂತ ಬೇರೆ ಸೇರಿಸಿದರು.

ನಾನು ಅಲ್ಲೇ ನೆಲದ ಮೇಲೆ ಕೂತೆ. ಹಿಂದಿನ ದಿನ ಹನ್ನೊಂದು ಗಂಟೆಗೆ ಈ ಆಟ ಓಡಿದ್ದರೆ, ಅಧ್ಯಕ್ಷರು ಕಮಿಟಿಯವರ ಮುಂದೆ ಹತ್ತರಲ್ಲಿ ಒಂಬತ್ತು ಸಲ ಕಪ್ಪೆಯ ಕೈಲಿ ಬೈಸಿಕೊಳ್ಳುತ್ತಿದ್ದರು. ಅದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ, ನಿಮ್ಮ ಹತ್ತಿರ ಮುಚ್ಚಿಡುವುದೇನು. ಇಡೀ ಹಿಂದಿನ ದಿನ ನಾನು ಅದೇ ಹಾಲಿನಲ್ಲಿದ್ದೆ. ಮಂಡಕ್ಕಿ ತಟ್ಟೆ ಹಿಡಿದು ಆ ಚಿತ್ರಗಳ ಮುಂದೆ ಎಷ್ಟು ಸಲ ಓಡಾಡಿದ್ದೆನೋ. ಜನ ಚಿತ್ರ ನೋಡದೆ ಹೋಗುತ್ತಾರಲ್ಲ ಅಂತ ಅನ್ನ ನೀರು ಬಿಟ್ಟು ಕೊರಗಿದವಳು, ಒಂದು ಚಿತ್ರದ ಕಡೆಗೂ ತಲೆಯೆತ್ತಿ ನೋಡಿರಲಿಲ್ಲ. ನೋಡಿದವರು ಅಪ್ಪಾಜಿ ಒಬ್ಬರೇ.

ನಿಮ್ಮ ಕಣ್ಣು ಸರಿಯಾಗಿದೆ ಅಪ್ಪಾಜಿ, ತಪ್ಪು ನಂದು ಅಂದೆ. ಹೇಳಿ ಅತ್ತುಬಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಗಡಿಯಾರ ನೋಡಿದರು. ಎಂಟೂ ಮುಕ್ಕಾಲು. ನಾನು ಪ್ರೋಗ್ರಾಂ ತೆರೆದು ಉತ್ತರಗಳನ್ನೇ ಬದಲಿಸಲು ಹೊರಟರೆ, ಓಡ್ತಿರೋ ಮಿಷಿನ್ ಬಿಚ್ಚಬೇಡ ಅಂದರು. ಪರದೆಯಲ್ಲಿ ಒಂದೊಂದು ಚೂರು ತೆಗೆದು ನಂಬರ್ ಕೂಗು, ನಾವು ಹಾಕ್ತೀವಿ ಅಂತ ಸ್ಟೂಲ್ ಎಳೆದುಕೊಂಡರು. ನಾನು ಕೂಗಿದೆ, ಮೇಷ್ಟ್ರು ಎತ್ತಿ ಕೊಟ್ಟರು, ಅಪ್ಪಾಜಿ ಮೊಳೆಗೆ ಸಿಕ್ಕಿಸಿದ್ದಲ್ಲದೆ, ಪ್ರತಿಯೊಂದನ್ನೂ ಒಂದು ಕಣ್ಣು ಮುಚ್ಚಿ ಮಟ್ಟ ನೋಡಿದರು. ಹತ್ತು ಗಂಟೆಗೆ ಮುಗಿಯಿತು. ಮೇಷ್ಟ್ರಿಗೆ ನಾವು ಬೈಯಲಿಲ್ಲ. ಬೈದಿದ್ದರೂ ಅವರಿಗೆ ಅರ್ಥವಾಗುತ್ತಿರಲಿಲ್ಲ.

ಹನ್ನೊಂದಕ್ಕೆ ಷಡಕ್ಷರಪ್ಪನವರು ಬಂದು ಆಡಲು ಕೂತರು. ಅಜ್ಜಿಯ ಮೂಗುತಿಯನ್ನು ಭಟ್ಟಿಯ ಕಿಡಿ ಅಂದುಕೊಂಡು ಕಪ್ಪೆಯ ಕೈಲಿ ಬೈಸಿಕೊಂಡರು. ಆ ಸಲ ಕಪ್ಪೆಯದೇ ಸರಿ. ಎದ್ದು ಹೋದರು, ಬಂದರು, ಮತ್ತೆ ಹೋದರು. ಕಮಿಟಿಯವರು ಅಲ್ಲ ಸಾರ್ ಇಲ್ಲಿದೆ, ಇಲ್ಲಿ ಅಂತ ಗೋಡೆಗೆ ಮೂಗು ಹಚ್ಚಿ ಓಡಾಡತೊಡಗಿದರು. ಪ್ರದಕ್ಷಿಣೆ ಎಲ್ಲಿ ಹೋಯಿತೋ. ಕೊನೆಗೆ ಅಧ್ಯಕ್ಷರು ಶಿಫ್ಟಿನ ಚಿತ್ರದ ಮುಂದೆ ನಿಂತು, ಮೇಷ್ಟ್ರೇ, ಗೇಟಿನ ಹತ್ತಿರ ಈ ಹೆಂಗಸು ಯಾರಿಗೆ ಕಾಯ್ತಾ ಇದಾಳೆ ಅಂತ ಕೇಳಿದರು. ಮೇಷ್ಟ್ರು ಚಿತ್ರದ ಪಕ್ಕ ಬಂದು ಗೋಡೆ ಹಿಡಿದುಕೊಂಡರು. ಚಿತ್ರದೊಳಗಿನ ಒಂದು ಜೀವದ ಬಗ್ಗೆ ಯಾರೋ ಕೇಳಿದ್ದು ಅದೇ ಮೊದಲಂತೆ. ಹಾಲ್ ಉಳಿಯಿತು.

ಮುಂದಿನ ವಾರ ಅಪ್ಪಾಜಿ ಮತ್ತೆ ಬಂದರು, ಕರವಸ್ತ್ರದಲ್ಲಿ ಏನೋ ಗಂಟು ಕಟ್ಟಿಕೊಂಡು. ಬಿಚ್ಚಿದರೆ ಹತ್ತು ಸಣ್ಣ ಅಲ್ಯೂಮಿನಿಯಂ ತಗಡು, ಮೂಲೆ ಚುಚ್ಚದ ಹಾಗೆ ಅರ ಹಾಕಿ ಉಜ್ಜಿದ್ದು. ಒಂದೊಂದರ ಮೇಲೂ ಒಂದರಿಂದ ಹತ್ತರವರೆಗೆ ಪಂಚ್ ಹೊಡೆದ ನಂಬರ್. ಯಾರದೋ ವರ್ಕ್‌ಶಾಪಿನಲ್ಲಿ ಕೂತು ಮಾಡಿದ್ದರು.

"ನಂಬರ್ ಗೋಡೆಗೆ ಹಾಕ್ತಾರೇನೆ?" ಅಂದರು. "ನಮ್ಮಲ್ಲಿ ಮಿಷಿನ್ ಯಾವ ಶೆಡ್ಡಿಗೆ ಹೋದ್ರೂ ಅದರ ನಂಬರ್ ಅದರ ಮೈಮೇಲೇ ಹೋಗೋದು."

ಹತ್ತೂ ಚಿತ್ರದ ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸಿದರು. ಆಮೇಲೆ ಮೇಷ್ಟ್ರು ಎಷ್ಟು ಸಲ ಇಳಿಸಿ ಒರೆಸಿ ಎಲ್ಲಿ ನೇತುಹಾಕಿದರೂ ಆಟ ತಪ್ಪಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ನಾನು ಯಾವ ಊರಿನ ಚಿತ್ರಶಾಲೆಗೆ ಏನು ಮಾಡಿಕೊಟ್ಟರೂ, ಬಾಗಿಲು ತೆರೆಯುವ ಹಿಂದಿನ ದಿನ ಎಲ್ಲ ಆಫ್ ಮಾಡಿ, ಬರಿಗೈಯಲ್ಲಿ ಗೋಡೆಯುದ್ದಕ್ಕೂ ನಡೆದು ಒಂದೊಂದೇ ಚಿತ್ರ ನೋಡುತ್ತೇನೆ. ನಮ್ಮ ಕಂಪನಿಯವರು ಕೇಳಿದರೆ ಟೆಸ್ಟಿಂಗ್ ಅನ್ನುತ್ತೇನೆ.

ಈಗ ಮೇಷ್ಟ್ರೂ ಇಲ್ಲ, ಅಪ್ಪಾಜಿಯೂ ಇಲ್ಲ. ಟ್ರಸ್ಟಿನ ಕಟ್ಟಡ ಕೆಡವಿದ ಮೇಲೆ ಚಿತ್ರಗಳು ಭದ್ರಾವತಿಯ ನಮ್ಮ ಹಳೇ ಶಾಲೆಯ ವರಾಂಡ ಸೇರಿವೆ. ನನ್ನ ಆಟ ಒಂದು ಸೀಡಿಯಲ್ಲಿದೆ, ಅದನ್ನು ಓಡಿಸುವ ಕಂಪ್ಯೂಟರ್ ಇಡೀ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ. ಹೋದ ತಿಂಗಳು ಶಾಲೆಗೆ ಹೋಗಿದ್ದೆ. ಚಿತ್ರಗಳನ್ನು ಯಾರೋ ತಮಗೆ ತೋಚಿದ ಹಾಗೆ ನೇತುಹಾಕಿದ್ದಾರೆ. ಒಂದರ ಪಕ್ಕ ಎಂಟು, ಎಂಟರ ಪಕ್ಕ ಮೂರು. ತಗಡು ಒಂದೂ ಬಿದ್ದಿಲ್ಲ. ಆ ಕಂಪ್ಯೂಟರನ್ನು ಗುಜರಿಗೆ ಹಾಕುವಾಗ ಎತ್ತಿಟ್ಟುಕೊಂಡ ಮೌಸಿನ ಗುಂಡು ಬಿಟ್ಟರೆ, ನಾನು ಮಾಡಿದ ಮೊದಲ ಕೆಲಸದಲ್ಲಿ ಕೈಗೆ ಸಿಗುವಂಥದ್ದು ಅಂತ ಉಳಿದಿರುವುದು ಅವು ಹತ್ತೇ, ಅವೂ ನಾನು ಮಾಡಿದ್ದಲ್ಲ.

ಅಲ್ಲೊಂದು ಬೋರ್ಡಿದೆ, ಚಿತ್ರಗಳನ್ನು ಮುಟ್ಟಬಾರದು ಅಂತ. ನನ್ನ ಸ್ವಭಾವ ನಿಮಗೆ ಗೊತ್ತು. ವರಾಂಡದ ಈ ಕಡೆ ನೋಡಿದೆ, ಆ ಕಡೆ ನೋಡಿದೆ, ಹೆಡ್‌ಮಾಸ್ಟರ ಕೋಣೆಯ ಬಾಗಿಲು ನೋಡಿದೆ. ಆಮೇಲೆ ಶಿಫ್ಟಿನ ಚಿತ್ರದ ಏಳನೇ ನಂಬರಿನ ತಗಡಿನ ಮೇಲೆ ಹೆಬ್ಬೆರಳಿಟ್ಟು, ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ, ಸವರಿದೆ.